ಒಂಟಿ ಹಕ್ಕಿಯೂ ಕೆಂಪು ಗಂಟೂ

ವುರ್ಯಾನಿಯ ಮುತ್ತಜ್ಜ ಸೊಕ್ರೊಮೊ ಸಕ್ಕರೆ ಕಾರ್ಖಾನೆಯ ಡಚ್ ದೊರೆಗೆ ಕ್ಯಾಮೆರಾ ಪೆಟ್ಟಿಗೆ ಹೊರುತ್ತಿದ್ದ ಆಳು. ಹೊತ್ತದ್ದು ಹೆಗಲ ಮೇಲೆ, ಕದ್ದದ್ದು ಕಣ್ಣಿನಿಂದ. ದೊರೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದಾಗ ಅವನ ಕೈಬೆರಳು ಎಲ್ಲೆಲ್ಲಿ ಓಡಾಡುತ್ತದೆಂದು ನೋಡುತ್ತ ನಿಂತೇ ಆತ ವಿದ್ಯೆ ಕಲಿತ. ಅವನ ಮಗ ದಾಸಿರಿನ್, ಪೆಕಲೊಂಗಾನ್ ಎಂಬ ಕಡಲತಡಿಯ ಊರಿನ ಮೀನುಪೇಟೆಯ ಬೆನ್ನಿಗೆ ಸ್ಟುಡಿಯೋ ಇಟ್ಟವನು. ಜಪಾನಿ ಸಿಪಾಯಿಗಳು ಮನೆಮನೆ ಹೊಕ್ಕು ಹಿತ್ತಾಳೆ ತಾಮ್ರ ಬಾಚಿಕೊಂಡು ಹೋಗುತ್ತಿದ್ದ ವರ್ಷ, ತನ್ನ ಹಿತ್ತಾಳೆ ಕಟ್ಟಿನ ಮಸೂರವನ್ನು ಬಾಳೆಲೆಯಲ್ಲಿ ಸುತ್ತಿ, ಬಟ್ಟೆಗೆ ಬಾಟಿಕ್ ಚಿತ್ತಾರ ಬರೆಯಲು ಕಾಯಿಸಿ ಆರುತ್ತ ಬಂದಿದ್ದ ಮೇಣದ ಬಾಣಲೆಯೊಳಗೆ ಇಳಿಬಿಟ್ಟ. ಹೆಪ್ಪುಗಟ್ಟಿದ ಮೇಲೆ ಆ ಮುದ್ದೆಯನ್ನು ಬೇರೆ ಮೇಣದ ಮುದ್ದೆಗಳ ನಡುವೆ ಎಸೆದ. ಸಿಪಾಯಿ ಅದರ ಮೇಲೇ ಕುಂಡಿಯೂರಿ ಕೂತು ಸಿಗರೇಟು ಸೇದಿ ಹೋದನೆಂದು ಓಣಿ ಇವತ್ತಿಗೂ ನಗುತ್ತದೆ.

ದಾಸಿರಿನ್‌ನ ಮಗ ಮಾರ್ತೊಯೊ. ಇವನೇ ವುರ್ಯಾನಿಯ ಅಪ್ಪ. ಸೈಕಲ್ಲಿನ ಹಿಂದೆ ಬಿಳಿ ಪರದೆ ಕಟ್ಟಿಕೊಂಡು ಹಳ್ಳಿಹಳ್ಳಿ ಅಲೆದು, ಹೊಸ ಸರ್ಕಾರದ ಗುರುತುಚೀಟಿಗೆ ಜನರ ಮುಖ ಹಿಡಿದವನು. ಆ ಪರದೆಯ ಮೇಲೆ ಅವನ ಪುಟ್ಟ ಮಗಳು ಸೀಸದಕಡ್ಡಿಯಿಂದ ಒತ್ತಿ ಒತ್ತಿ ಮೊಟ್ಟೆಗಳನ್ನು ಬರೆದಿಟ್ಟಿದ್ದಳು. ಎಷ್ಟು ಒಗೆದರೂ ಹೋಗಲಿಲ್ಲ. ಹಾಗಾಗಿ ಸುತ್ತಿನ ಹಳ್ಳಿಗಳ ಎಷ್ಟೋ ಗುರುತುಚೀಟಿಗಳಲ್ಲಿ, ಗಂಭೀರವಾಗಿ ಕೂತ ಯಜಮಾನರ ಕಿವಿಯ ಹಿಂದೆ ಒಂದು ಮೊಟ್ಟೆ ತೇಲುತ್ತಿರುತ್ತಿತ್ತು.

ಡಚ್ಚರು ಗಂಟುಮೂಟೆ ಕಟ್ಟಿ ಹಡಗು ಹತ್ತಿದ ವರ್ಷ ಚಹಾ ತೋಟದ ಒಬ್ಬ ಡಚ್ ಗುಮಾಸ್ತ ಹೆಂಡತಿ ಮಕ್ಕಳೊಡನೆ ಮನೆಯ ಮುಂದೆ ನಿಂತು ಕೊನೆಯ ಫೋಟೋ ತೆಗೆಸಿಕೊಂಡ. ಕೂಲಿಯ ಬದಲು ತನ್ನ ಅಂಗೈಯಗಲದ ರೇಂಜ್‌ಫೈಂಡರ್ ಕ್ಯಾಮೆರಾವನ್ನೇ ಬಿಚ್ಚಿ ಮಾರ್ತೊಯೊನ ಕೊರಳಿಗೆ ಹಾಕಿ ಹೋದ. ಆ ಜಾತಿಯ ಕ್ಯಾಮೆರಾದಲ್ಲಿ ಮಸೂರದ ಮೂಲಕ ನೋಡುವುದಿಲ್ಲ. ಮೇಲ್ಮೂಲೆಯಲ್ಲಿ ಬೇರೆಯೇ ಒಂದು ಕಿಂಡಿ. ಕಿಂಡಿಯ ನಡುವೆ ಎದುರಿನ ಮುಖ ಎರಡಾಗಿ ಕಾಣುತ್ತದೆ, ಒಂದು ಗಟ್ಟಿ, ಒಂದು ನೆರಳು. ಮಸೂರದ ಬಳೆ ತಿರುವುತ್ತ ನೆರಳನ್ನು ತಂದು ಗಟ್ಟಿಯ ಮೇಲೆ ಕೂರಿಸಬೇಕು. ಎರಡೂ ಒಂದಾದ ಗಳಿಗೆಯೇ ಫೋಟೋದ ಗಳಿಗೆ. “ಮುನಿಸಿಕೊಂಡ ಗಂಡಹೆಂಡಿರನ್ನ ಒಂದು ಚಾಪೆ ಮೇಲೆ ಕೂರಿಸೋದಕ್ಕಿಂತ ಇದು ಸಲೀಸು” ಎನ್ನುತ್ತಿದ್ದ ಮಾರ್ತೊಯೊ. ಆ ಮಸೂರದ ಕೊರಳ ಮೇಲೆ, ಅಂಕಿಗಳ ಪಕ್ಕ, ಒಂದು ಸಣ್ಣ ಕೆಂಪು ಗೆರೆಯಿತ್ತು.

“ಇದೇನಪ್ಪಾ?” ಎಂದು ಮಗಳು ಕೇಳಿದರೆ, “ಕಣ್ಣಿಗೆ ಕಾಣದ ಬೆಳಕಿಗಂತೆ ಕಣಮ್ಮ. ಕಾಣೋ ಬೆಳಕೇ ಹಾಸಿ ಹೊದೆಯೋವಷ್ಟಿದೆ. ಅದನ್ನ ಕಟ್ಟಿಕೊಂಡು ನಮಗೇನು?” ಎಂದುಬಿಡುತ್ತಿದ್ದ.

ತಾಯಿಯ ಕಡೆಯವರದು ಇನ್ನೊಂದು ತೂಕ. ಅವರು ಮೇಣದ ಹೆಂಗಸರು. ಕೊಕ್ಕಿನಂಥ ಪುಟ್ಟ ತಾಮ್ರದ ಕೊಳವೆ, ಚಾಂಟಿಂಗ್ ಎನ್ನುತ್ತಾರೆ, ಅದರಲ್ಲಿ ಬಿಸಿ ಮೇಣ ತುಂಬಿ, ಉಸಿರೂದಿ, ಬಟ್ಟೆಯ ಮೇಲೆ ಹೂಬಳ್ಳಿ ಹರಿಸುವವರು. ಮೇಣ ಹಿಡಿದ ಕಡೆ ಬಣ್ಣ ಹತ್ತುವುದಿಲ್ಲ, ಬಿಟ್ಟ ಕಡೆ ಹತ್ತುತ್ತದೆ. ವುರ್ಯಾನಿಯ ಅಜ್ಜಿ ಕಣ್ಣು ಮುಚ್ಚಿಕೊಂಡು ನವಿಲು ಬರೆಯುತ್ತಿದ್ದಳೆಂಬ ಮಾತಿದೆ. ಅದು ಉತ್ಪ್ರೇಕ್ಷೆ ಇದ್ದೀತು, ಆದರೆ ಅರ್ಧ ಮುಚ್ಚಿಕೊಂಡಂತೂ ಬರೆದಿದ್ದಾಳೆ. ಆಕೆಯ ಹಿರಿಮಗಳು ಕಸ್ತಿನಾ, ವುರ್ಯಾನಿಯ ಅವ್ವ. ಕಿರಿಮಗಳು ತಾಸ್ಮಿ.

ಕಸ್ತಿನಾಳಿಗೆ ಒಮ್ಮೆ ಬಾಟಿಕ್ ಮನೆಯ ಒಡತಿಯಿಂದ ಮದುವಣಗಿತ್ತಿಯ ಬಟ್ಟೆಯ ಕೆಲಸ ಬಂತು. ಕೆನೆಬಣ್ಣದ ನೆಲ, ಅದರ ಮೇಲೆ ಜೋಡಿ ಜೋಡಿ ಹಕ್ಕಿಗಳು. ನಕಾಶೆ ಒಡತಿಯದು. ಅದನ್ನು ಮೊದಲು ಸೀಸದಕಡ್ಡಿಯಲ್ಲಿ ತೆಳ್ಳಗೆ ಬಟ್ಟೆಗಿಳಿಸಿ, ಆಮೇಲೆ ಮೇಣ ಹಿಡಿಯಬೇಕು. ತಿಂಗಳುಗಟ್ಟಲೆ ಕೂತು ಕಸ್ತಿನಾ ಬಟ್ಟೆ ಮುಗಿಸಿದಳು. ಒಡತಿ ಬಿಚ್ಚಿ ನೋಡುತ್ತಾಳೆ, ಕೆಳಮೂಲೆಯಲ್ಲಿ ಖಾಲಿ ಇರಬೇಕಾದ ಕೆನೆನೆಲದ ಮೇಲೆ ನೀಲಿಯ ಒಂದು ಡುಮ್ಮ ಹಕ್ಕಿ. ಜೊತೆಯಿಲ್ಲ, ನಕಾಶೆಯಲ್ಲಿಲ್ಲ. ಮದುವೆಯ ಬಟ್ಟೆಯ ಮೇಲೆ ಒಂಟಿ ಹಕ್ಕಿ!

“ಇದೇನು ಕಸ್ತಿನಾ?”

“ಕೈ ತಪ್ಪಿತು, ಅಮ್ಮಾ” ಎಂದಳಂತೆ. ಅಷ್ಟೇ.

ಬಟ್ಟೆ ಮನೆಗೆ ಮರಳಿತು, ಆ ಮನೆಯ ಕೆಲಸ ಮತ್ತೆ ಬರಲಿಲ್ಲ. ಕಸ್ತಿನಾ ಅದನ್ನೇ ಹೆಗಲಿಂದ ಸೊಂಟಕ್ಕೆ ಕಟ್ಟಿ, ಮಗಳನ್ನು ಅದರಲ್ಲಿ ಕೂರಿಸಿಕೊಂಡು ಸಂತೆಗೆ ಹೋಗಿ ಬರುತ್ತಿದ್ದಳು. ವುರ್ಯಾನಿ ಇನ್ನೂ ಹಾಲುಹಲ್ಲಿನ ಹುಡುಗಿಯಾಗಿರುವಾಗಲೇ ಜ್ವರ ಬಂದು ತೀರಿಕೊಂಡಳು. ಮಾರ್ತೊಯೊ ಹೆಂಡತಿಯ ಫೋಟೋ ತೆಗೆದಿರಲಿಲ್ಲವೇ? ಬೇಕಾದಷ್ಟು ತೆಗೆದಿದ್ದ. ಆದರೆ ಅವಳು ಹೋದ ಮರುವರ್ಷವೇ ಸಮುದ್ರದ ಉಬ್ಬರ ಊರೊಳಕ್ಕೆ ನುಗ್ಗಿ ತಗಡಿನ ಟ್ರಂಕಿಗೇ ಉಪ್ಪುನೀರು ಹೊಕ್ಕು, ಒಳಗಿದ್ದ ಮುಖಗಳೆಲ್ಲ ಗಂಜಿಯಾಗಿ ಹರಿದುಹೋದವು. ಊರಿನ ಮುಖಗಳನ್ನೆಲ್ಲ ಹಿಡಿದ ಮನೆಯಲ್ಲಿ ಮನೆಯೊಡತಿಯ ಮುಖವೇ ಉಳಿಯಲಿಲ್ಲ. ವುರ್ಯಾನಿಗೆ ನೆನಪಿರುವುದು ಮೇಣದ ವಾಸನೆ, ಒಂದು ಮೊಣಕೈ, ಮತ್ತು ಆ ಬಟ್ಟೆ.

ಇನ್ನೊಂದು ಆಸ್ತಿಯೂ ಉಳಿಯಿತು. ಅದು ಒಂದು ಮಾತು. ವುರ್ಯಾನಿ ಅಪ್ಪನ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದಾಗ ಒಂದು ಫೋಟೋ ಅಲುಗಿದರೆ ಸಾಕು, ಚಿಕ್ಕಮ್ಮ ತಾಸ್ಮಿ ಎಲೆಯಡಿಕೆ ಅಗಿಯುತ್ತಲೇ ಹೇಳುವಳು: “ತಾಯಿಯ ಕೈ!” ಸಾರಿಗೆ ಉಪ್ಪು ಹೆಚ್ಚಾದರೂ ತಾಯಿಯ ಕೈ, ಲೋಟ ಜಾರಿದರೂ ತಾಯಿಯ ಕೈ. ತಾಸ್ಮಿ ಕೆಟ್ಟವಳಲ್ಲ. ತಾಯಿಯಿಲ್ಲದ ಹುಡುಗಿಗೆ ತಲೆ ಬಾಚಿ, ಎಳೆಹಲಸಿನ ಮೆಗೊನೊ ಕಲಸಿ ತುತ್ತಿಟ್ಟು ಸಾಕಿದವಳು ಅವಳೇ. ಹಾಸ್ಯಕ್ಕೆ ಆಡುತ್ತಿದ್ದಳು. ಆದರೆ ಒಂದೇ ಜಾಗದಲ್ಲಿ ಚುಚ್ಚುವ ಸೂಜಿ ಹಾಸ್ಯದ್ದಾದರೇನು, ಸೂಜಿಯೇ.

ಆ ಹುಡುಗಿಯ ತಲೆ ಈಗ ನರೆತಿದೆ. ಮದುವೆ ಎಂಬುದು ಕೂಡಿ ಬರಲಿಲ್ಲ, ಅದಕ್ಕವಳು ಅಳಲೂ ಇಲ್ಲ. ಜನರ ಕಿಸೆಯಲ್ಲೆಲ್ಲ ಮೊಬೈಲು ಬಂದು ಸ್ಟುಡಿಯೋದ ಕುರ್ಚಿ ಧೂಳು ಹಿಡಿಯಿತು. ಅಂಥ ಹೊತ್ತಿನಲ್ಲಿ ಹೆರ್ಲಂಬಾಂಗ್ ಬಂದ. ಅವನು ಮದುವೆ ಫೋಟೋದವನು, ಹಿಂದೆ ಇವಳ ಕತ್ತಲೆಕೋಣೆಯಲ್ಲೇ ಕೆಲಸ ಕಲಿತವನು. ಚೀಲದಿಂದ ಒಂದು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. ನೋಡಲು ಅಪ್ಪನ ಕ್ಯಾಮೆರಾದ ಒಡಹುಟ್ಟು. ಅದೇ ಕಿಂಡಿ, ಅದೇ ಎರಡು ಮುಖ. ಆದರೆ ರೀಲಿಲ್ಲ, ಬೆನ್ನಿಗೊಂದು ಪುಟ್ಟ ಪರದೆ. ಡಿಜಿಟಲ್.

“ಬು, ಇದನ್ನ ನೀವೇ ಇಟ್ಕೊಳ್ಳಿ. ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕಿಬಿಡ್ತು ಇದು” ಎಂದ. ಅಲ್ಲಿ ದೊಡ್ಡ ಹೆಂಗಸರನ್ನು ಕರೆಯುವುದೇ ಹಾಗೆ, ಬು, ಎಂದರೆ ಅಮ್ಮ.

“ಯಾಕೋ, ಏನು ಮಾಡ್ತು ಪಾಪ?”

“ಮದುಮಗನ ಕರೀ ಟೋಪಿ ಬದನೇಕಾಯಿ ಬಣ್ಣಕ್ಕೆ ಬರುತ್ತೆ, ಬು! ಮೊನ್ನೆ ಮದುವೇಲಿ ಮದುಮಗ, ಮಾವ, ಧರ್ಮಗುರು, ಸಾಲಾಗಿ ಕೂತವರ ತಲೆ ಮೇಲೆಲ್ಲ ಒಂದೊಂದು ಬದನೇಕಾಯಿ. ಮಾವನೋರು ಆಲ್ಬಮ್ ಮುಚ್ಚಿ, ‘ತಮ್ಮಾ, ಮದುವೆ ಮಾಡಿಸಿದ್ದೇವೋ ತರಕಾರಿ ಅಂಗಡಿ ಇಟ್ಟಿದ್ದೇವೋ?’ ಅಂದ್ರು.”

ವುರ್ಯಾನಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಕಪ್ಪು ಯಾಕೆ ಕೆಂಪಾಗುತ್ತೆ?”

ಹೆರ್ಲಂಬಾಂಗ್ ತಲೆ ಕೆರೆದು ಹೇಳಿದ. ಕೆಂಪಿನ ಆಚೆಮನೆಯಲ್ಲಿ ಇನ್ನೊಂದು ಬೆಳಕಿದೆಯಂತೆ, ಇನ್ಫ್ರಾರೆಡ್ ಎಂದು. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಬೇರೆ ಕ್ಯಾಮೆರಾಗಳು ಅದನ್ನು ಬಾಗಿಲಲ್ಲೇ ತಡೆಯುತ್ತವೆ, ಇದರ ಬಾಗಿಲು ಸಡಿಲ. ವುರ್ಯಾನಿ ಎದ್ದುಹೋಗಿ ಅಪ್ಪನ ಹಳೆಯ ಮಸೂರ ತಂದಳು. ಹೊಸ ಕ್ಯಾಮೆರಾದ ಬಾಯಿಗಿಟ್ಟು ತಿರುವಿದರೆ, ಹಳೆಯ ಬಾಗಿಲಿಗೆ ಹಳೆಯ ಚಿಲಕದಂತೆ ಕೂತಿತು. ಕೊರಳ ಮೇಲಿನ ಕೆಂಪು ಗೆರೆ ಅವಳನ್ನೇ ನೋಡುತ್ತಿತ್ತು.

ಅಂದಿನಿಂದ ಅವಳಿಗೆ ಎರಡು ಹುಚ್ಚು ಹತ್ತಿದವು. ಒಂದು, ಮಸೂರದ ಮುಂದೆ, ಕಾಣುವ ಬೆಳಕನ್ನು ತಡೆಯುವ ಕಪ್ಪು ಗಾಜು ಸಿಕ್ಕಿಸಿಕೊಂಡು ಬರೀ ಆ ಕಾಣದ ಬೆಳಕಿನಲ್ಲಿ ಊರನ್ನು ಹಿಡಿಯುವುದು. ಬೇರೆ ಕ್ಯಾಮೆರಾಗಳಲ್ಲಿ ಆ ಗಾಜು ಹಾಕಿದರೆ ನೋಡುವವನಿಗೂ ಕತ್ತಲೆ. ಇದರ ಕಿಂಡಿ ಬೇರೆಯಾದ್ದರಿಂದ ಇವಳಿಗೆ ಎಲ್ಲ ಹಗಲು. ಆ ಫೋಟೋಗಳಲ್ಲಿ ಚೌಕದ ಆಲದಮರ ಮಲ್ಲಿಗೆ ಮುಡಿದಂತೆ ಬೆಳ್ಳಗಾಗುತ್ತಿತ್ತು, ಆಕಾಶ ಕಾಡಿಗೆಯಾಗುತ್ತಿತ್ತು. ಆದರೆ ಆ ಕಪ್ಪು ಗಾಜೂ ಮಸೂರದ ಕಪ್ಪು ಮುಚ್ಚಳವೂ ನೋಡಲು ಅವಳಿಜವಳಿ. ಕಿಂಡಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುವುದರಿಂದ, ಗಾಜೆಂದುಕೊಂಡು ಮುಚ್ಚಳವನ್ನೇ ಹಾಕಿಕೊಂಡು ಇಡೀ ಬೆಳಗ್ಗೆ ಬಂದರಿನಲ್ಲಿ ಸುತ್ತಿ ಬಂದದ್ದೂ ಉಂಟು. “ಏನು ಹಿಡಿದೆ?” ಎಂದು ತಾಸ್ಮಿ ಕೇಳಿದರೆ, “ಅಮಾವಾಸ್ಯೆ” ಎಂದಳು.

ಇನ್ನೊಂದು ಹುಚ್ಚು, ಸಣ್ಣದನ್ನು ದೊಡ್ಡದು ಮಾಡುವುದು. ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಲೇತ್ ಅಂಗಡಿಯಲ್ಲಿ ಮಾಡಿಸಿದ ಹಿತ್ತಾಳೆಯ ಬಳೆ ಇಟ್ಟರೆ ಇರುವೆಯ ಮೀಸೆಯೂ ಬಿದಿರಿನಷ್ಟಾಗುತ್ತದೆ. ಓಣಿಯ ಹೆಂಗಸರು ಬಟ್ಟೆ ತಂದು, “ನನ್ನ ಗೆರೆ ಕೈಯಿಂದ ಬರೆದದ್ದು, ಅಚ್ಚಿನದ್ದಲ್ಲ ಅಂತ ಕಾಣೋ ಹಾಗೆ ತೆಗೆದುಕೊಡು” ಎಂದು ಕೇಳುತ್ತಿದ್ದರು. ಆದರೆ ಅಷ್ಟು ಹತ್ತಿರದಲ್ಲಿ ಕಿಂಡಿಯ ಆಟ ನಡೆಯುವುದಿಲ್ಲ. ಗಟ್ಟಿ, ನೆರಳು ಎರಡೂ ಎಂದೂ ಕೂಡುವುದಿಲ್ಲ. ಮೇಲಾಗಿ ಕಿಂಡಿ ನೋಡುವುದೊಂದು ಕಡೆ, ಮಸೂರ ನೋಡುವುದೊಂದು ಕಡೆ, ಮುಖದಲ್ಲಿ ಕಣ್ಣೊಂದು ಕಡೆ ಬಾಯೊಂದು ಕಡೆ ಇರುವ ಹಾಗೆ. ಅದಕ್ಕೆ ವುರ್ಯಾನಿ ತನ್ನದೇ ಉಪಾಯ ಮಾಡಿಕೊಂಡಿದ್ದಳು. ಹಿಗ್ಗದಂತೆ ಮೇಣ ತೀಡಿದ ಒಂದು ನೂಲುದಾರ. ಒಂದು ತುದಿ ಕ್ಯಾಮೆರಾದ ಪಟ್ಟಿ ಸಿಕ್ಕಿಸುವ ಕಿವಿಗೆ ಕಟ್ಟಿದ್ದು, ದಾರದ ಮೇಲೆ ಒಂದು ಬಿಳಿ ಗಂಟು. ಗಂಟನ್ನು ಬಟ್ಟೆಗೆ ಮುಟ್ಟಿಸಿ, ದಾರ ಬಿಗಿಯಾಗುವವರೆಗೆ ಹಿಂದೆ ಸರಿದು, ಉಸಿರು ಕಟ್ಟಿ, ದಾರ ಬಿಟ್ಟು ಒತ್ತುವುದು. ದಾರವೇ ಅವಳ ಕಣ್ಣು. ನಿಜವಾದ ಬಲಗಣ್ಣಿಗೆ ಆಗಲೇ ಪೊರೆ ಕವಿಯುತ್ತಿತ್ತು. ಹೆರ್ಲಂಬಾಂಗ್ ಬಂದಾಗಲೆಲ್ಲ, “ಈಗಿನ ಕ್ಯಾಮೆರಾ ತಾನೇ ನೋಡಿಕೊಳ್ಳುತ್ತೆ ಬು, ತಂದುಕೊಡಲಾ?” ಎನ್ನುವನು. “ಅದು ನೋಡಿಕೊಳ್ಳೋದಾದ್ರೆ ನಾನೇನು ಮಾಡಲಿ, ಅದಕ್ಕೆ ಅನ್ನ ಬಡಿಸಲಾ?” ಎನ್ನುವಳು ಇವಳು.

ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ತೆಗೆದು ಅಂಟುವಾಳದ ನೊರೆಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸುವುದು ಆ ಓಣಿಯ ಪದ್ಧತಿ. ಬಾಟಿಕ್ಕನ್ನು ಬಿಸಿಲಿಗೆ ಹಾಕುವುದೆಂದರೆ ಕೂಸನ್ನು ಬಿಸಿಲಿಗೆ ಮಲಗಿಸಿದ ಹಾಗೆ. ಅಂದು ತಾಸ್ಮಿ ಹಿತ್ತಲ ಜಗಲಿಯ ನೆರಳಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿದ್ದಳು, ಅವುಗಳ ನಡುವೆ ಅಕ್ಕನ ಬಟ್ಟೆಯೂ ಇತ್ತು. ವುರ್ಯಾನಿ ಕಪ್ಪು ಗಾಜು ಹಾಕಿಕೊಂಡು ಹಿತ್ತಲ ಸೀಬೆಗಿಡವನ್ನು ಹಿಡಿಯುತ್ತಿದ್ದಳು. ಪರದೆ ನೋಡಿದಳು. ಸೀಬೆಗಿಡ ಬೆಳ್ಳಗೆ ನಿಂತಿದೆ. ಅಂಚಿನಲ್ಲಿ ತೂಗುತ್ತಿದ್ದ ಅವ್ವನ ಬಟ್ಟೆಯೂ ಬೆಳ್ಳಗೆ ನಿಂತಿದೆ. ಹೂವಿಲ್ಲ, ಬಳ್ಳಿಯಿಲ್ಲ, ಜೋಡಿಹಕ್ಕಿಯಿಲ್ಲ. ನೀಲಿ, ಕೆಂಪು, ಕಂದು ಎಲ್ಲ ಗಾಳಿಗೆ ಹೋಗಿ, ಬರೀ ಬಟ್ಟೆ.

“ಬುಲಿಕ್, ಇಲ್ಲಿ ನೋಡು.” ಅಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ.

ತಾಸ್ಮಿ ಬಗ್ಗಿ ನೋಡಿ ಎದೆಗೆ ಕೈಯಿಟ್ಟಳು. “ಅಯ್ಯೋ! ಹೆಣಕ್ಕೆ ಹೊದಿಸೋ ಬಟ್ಟೆ ಆಗಿದೆಯಲ್ಲೇ! ನಮ್ಮಕ್ಕನ ಬಟ್ಟೆಗೆ ಏನು ಮಾಡಿದೆ?” ತಿರುಗಿ ಹಗ್ಗದ ಕಡೆ ನೋಡಿದಳು. ಬಟ್ಟೆ ತನ್ನ ಬಣ್ಣಗಳೊಡನೆ ಸುಖವಾಗಿ ತೂಗುತ್ತಿತ್ತು. “ಆ ಪೆಟ್ಟಿಗೆ ಬಿಸಾಕು. ಕಣ್ಣಿಗೆ ಮಣ್ಣು ಹಾಕುತ್ತೆ.”

“ಬಣ್ಣದ ಕಣ್ಣಿಗೆ ಮಣ್ಣು ಹಾಕುತ್ತೆ, ಬುಲಿಕ್. ಆದರೆ ಇಲ್ಲೇನೋ ಉಳಿದಿದೆ ನೋಡು.”

ಬಿಳಿಯ ಕೆಳಮೂಲೆಯಲ್ಲಿ, ಒಂಟಿ ಹಕ್ಕಿ ಇರಬೇಕಾದ ಜಾಗದಲ್ಲಿ, ಒಂದು ಬೂದು ಕಲೆ. ನಕಾಶೆಯ ತೆಳ್ಳನೆಯ ಗೆರೆಗಳು ಇಷ್ಟು ದೂರಕ್ಕೆ ಕಾಣವು, ಕಲೆ ಅಲ್ಲಿ ಮಾತ್ರ. ಬಣ್ಣ ಮಾಯವಾಗುವ ಬೆಳಕಿನಲ್ಲೂ ಮಾಯವಾಗದ್ದು ಯಾವುದು? ಕಾಡಿಗೆ, ಮಸಿ, ಸೀಸದಕಡ್ಡಿ. ವುರ್ಯಾನಿ ಪರದೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಬಣ್ಣದ ಕೆಳಗೆ ಅವ್ವನ ಸೀಸದಕಡ್ಡಿಯ ಗೆರೆ ಇದೆ. ಅವ್ವನ ಕೈ ನಡುಗಿತ್ತೋ ಇಲ್ಲವೋ ಎಂಬುದು ಅಲ್ಲಿ ಬರೆದಿಟ್ಟಂತೆ ಇರುತ್ತದೆ.

ಓಡಿಹೋಗಿ ಹಿತ್ತಾಳೆಯ ಬಳೆ ಸಿಕ್ಕಿಸಿಕೊಂಡು ಬಂದಳು. ನೆರಳಲ್ಲಿ ಆ ಬೆಳಕು ಸಾಲದು.

“ಬುಲಿಕ್, ಈ ಮೂಲೆ ಸ್ವಲ್ಪ ಬಿಸಿಲಿಗೆ ಹಿಡೀಬೇಕು.”

“ಬಾಟಿಕ್ಕನ್ನ ಬಿಸಿಲಿಗಾ? ನಿನಗೇನು ತಲೆ ಕೆಟ್ಟಿದೆಯೇನೇ? ನಮ್ಮವ್ವ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾಳೆ.”

“ಬಂದರೆ ಫೋಟೋ ತೆಗೀತೀನಿ, ಬರಲಿ.”

ತಾಸ್ಮಿ ಗೊಣಗಿದಳು. ಕೊನೆಗೆ, “ಒಂದು ಎಲೆಯಡಿಕೆ ಅಗಿಯೋವಷ್ಟು ಹೊತ್ತು. ನಾನು ಉಗುಳಿದ ಕೂಡಲೇ ಬಟ್ಟೆ ಒಳಗೆ” ಎಂದು ಜಗಲಿಯ ಅಂಚಿಗೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ವುರ್ಯಾನಿ ಮೂಲೆಯನ್ನು ಬಿಸಿಲಿಗೆಳೆದು ಹಕ್ಕಿಗೆ ಗಂಟು ಮುಟ್ಟಿಸಿದಳು, ಉಸಿರು ಕಟ್ಟಿದಳು, ಒತ್ತಿದಳು. ಮತ್ತೆ ಮುಟ್ಟಿಸಿದಳು, ಒತ್ತಿದಳು. ತಾಸ್ಮಿ ಉಗುಳಿದಳು.

ಪರದೆಯಲ್ಲಿ ಎಲ್ಲವೂ ಮಂಜು. ಒಂದರಲ್ಲೂ ಗೆರೆ ಗೆರೆಯಾಗಿ ನಿಂತಿಲ್ಲ. ನೀರಲ್ಲಿ ಕದಡಿದ ಬೂದಿಯಂತಿತ್ತು.

“ತಾಯಿಯ ಕೈ!” ಎಂದಳು ತಾಸ್ಮಿ ಬಟ್ಟೆ ಮಡಿಸುತ್ತ.

ಎಷ್ಟೋ ವರ್ಷ ಕೇಳಿದ ಮಾತೇ. ಆದರೆ ಅಂದು ವುರ್ಯಾನಿ ನಗಲಿಲ್ಲ. ಒಳಗೆ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತಳು. ಕೈ ನಡುಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಹಾಗಿದ್ದರೆ ಮಂಜು ಎಲ್ಲಿಂದ? ಮಸೂರವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸುತ್ತಿದ್ದಾಗ ಹೆಬ್ಬೆರಳು ಆ ಕೆಂಪು ಗೆರೆಯ ಮೇಲೆ ಹೋಗಿ ನಿಂತಿತು. ಅಂಕಿಯ ನೇರಕ್ಕೆ ಇರದೆ ಪಕ್ಕಕ್ಕೆ ಸರಿದು ನಿಂತ ಗೆರೆ. ದೂರದ ಮರಗಳಿಗೆ ಮಸೂರವನ್ನು ಆ ಗೆರೆಗೆ ಸರಿಸಿಯೇ ತೆಗೆಯುತ್ತಿದ್ದಳು. ಹತ್ತಿರಕ್ಕೆ ಬಂದ ಕೂಡಲೇ ಹಳೆಯ ಗಂಟನ್ನು ನಂಬಿ ಕೂತಿದ್ದಳು. ಕಾಣುವ ಬೆಳಕು ಕೂಡುವ ಕಡೆ ಕಾಣದ ಬೆಳಕು ಕೂಡುವುದಿಲ್ಲ, ಸ್ವಲ್ಪ ಅತ್ತ ಹೋಗಿ ಕೂಡುತ್ತದೆ. ಬಿಳಿ ಗಂಟು ಕಣ್ಣಿನ ಬೆಳಕಿನದು. ಈ ಬೆಳಕಿಗೆ ಬೇರೆ ಗಂಟು ಬೇಕು.

“ಎಂಥ ಹೆಡ್ಡಿ ನಾನು” ಎಂದುಕೊಂಡಳು. ಬಾಗಿಲಿಗೆ ಇನ್ನೂ ಬಿಸಿಲಿತ್ತು. ಹಳೆಯ ಬಿಳಿ ಪರದೆಯ ಮೇಲೆ ಸೀಸದಕಡ್ಡಿಯಿಂದ ಚುಕ್ಕಿ ಇಟ್ಟು, ದಾರವನ್ನು ಗೋಧಿಕಾಳಿನಷ್ಟು ಗೋಧಿಕಾಳಿನಷ್ಟು ಉದ್ದ ಬಿಡುತ್ತ ತೆಗೆದು ತೆಗೆದು ನೋಡಿದಳು. ಒಂದು ಕಡೆ ಚುಕ್ಕಿ ಸೂಜಿಮೊನೆಯಾಗಿ ನಿಂತಿತು. ಅಲ್ಲಿಗೆ ಕೆಂಪು ನೂಲಿನ ಗಂಟು ಹಾಕಿದಳು.

ಮರುದಿನ ಬೆಳಗ್ಗೆ ತಾಸ್ಮಿ ಬಟ್ಟೆಯ ಪೆಟ್ಟಿಗೆಯ ಮೇಲೆ ಕೂತಿದ್ದಳು. ಮೇಲೇಳಲೊಲ್ಲಳು.

“ಮತ್ತೆ ಬಿಸಿಲಾ? ನಾನು ಬದುಕಿರೋವರೆಗೆ ಇಲ್ಲ. ಅಕ್ಕನದು ಅಂತ ಇರೋದು ಇದೊಂದೇ.”

“ಅದಕ್ಕೇ ಕೇಳ್ತಿರೋದು.” ವುರ್ಯಾನಿ ನೆಲದ ಮೇಲೆ, ಚಿಕ್ಕಮ್ಮನ ಕಾಲ ಬಳಿ ಕೂತಳು. “ಬುಲಿಕ್, ನನಗೆ ಅವ್ವನ ಮುಖ ನೆನಪಿಲ್ಲ. ಕೈ ಮಾತ್ರ ಉಳಿದಿದೆ. ಆ ಕೈಯನ್ನೂ ನೀವೆಲ್ಲ ನಡುಗೋ ಕೈ ಅಂತೀರಿ. ಹೌದಾ ಅಲ್ಲವಾ ಅಂತ ಒಂದು ಸಲ ನೋಡಿಬಿಡ್ತೀನಿ. ನಡುಗಿದ್ದರೆ ನಡುಗಿತ್ತು. ಆಮೇಲೆ ನೀನು ಎಷ್ಟು ಬೇಕಾದರೂ ಅನ್ನು, ನಾನು ಹೂಂ ಅಂತೀನಿ. ಈ ಕಣ್ಣು ಪೂರ್ತಿ ಮುಚ್ಚೋಕೆ ಮುಂಚೆ ನೋಡಬೇಕು ಅಷ್ಟೇ.”

ತಾಸ್ಮಿಯ ದವಡೆ ನಿಂತಿತು. ಬಾಯಲ್ಲಿ ಎಲೆ ಇರಲಿಲ್ಲ, ಸುಮ್ಮನೆ ಅಗಿಯುತ್ತಿದ್ದಳು. “ನಾನು ತಮಾಷೆಗೆ ಅಂತಿದ್ದೆ ಕಣೇ” ಎಂದಳು.

“ಗೊತ್ತು.”

ಮುದುಕಿ ಎದ್ದಳು. ಬಟ್ಟೆಯನ್ನು ತಾನೇ ತೆಗೆದು, ಬಿಸಿಲು ಬೀಳುವ ಅಂಗಳಕ್ಕೆ ತಂದು, ಹಕ್ಕಿಯ ಮೂಲೆಯೊಂದನ್ನೇ ಹೊರಗಿಟ್ಟು ಉಳಿದದ್ದಕ್ಕೆಲ್ಲ ತನ್ನ ಸೆರಗು ಮುಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದು ನಿಂತಳು. ಎಲೆಯಡಿಕೆಯ ಗಡುವು ಹೇಳಲಿಲ್ಲ.

ವುರ್ಯಾನಿ ಕೆಂಪು ಗಂಟನ್ನು ಹಕ್ಕಿಯ ಎದೆಗೆ ಮುಟ್ಟಿಸಿದಳು. ದಾರ ಬಿಗಿಯಾಯಿತು. ಕಿಂಡಿಯ ಕಣ್ಣಿಗೂ ಮಸೂರದ ಬಾಯಿಗೂ ಇರುವ ಅಂತರ ಲೆಕ್ಕ ಹಿಡಿದು ಕ್ಯಾಮೆರಾವನ್ನು ಹೆಬ್ಬೆರಳಿನಷ್ಟು ಮೇಲಕ್ಕೆತ್ತಿದಳು. ಉಸಿರು ಕಟ್ಟಿದಳು. ದಾರ ಬಿದ್ದಿತು. ಒತ್ತಿದಳು.

ಬಟ್ಟೆಯನ್ನು ಅಂಗಳದ ಚಾಪೆಯ ಮೇಲೆ ಬಿಟ್ಟು, ಜಗಲಿಯ ನೆರಳಿಗೆ ಬಂದು ಇಬ್ಬರೂ ಪರದೆಯ ಮೇಲೆ ಬಗ್ಗಿದರು.

ಬಿಳಿಯ ನೂಲಿನ ನೇಯ್ಗೆ ಚಾಪೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದರ ಮೇಲೆ ಗೆರೆಗಳು. ಎರಡು ಬಗೆಯವು. ಒಂದು ದಪ್ಪ, ಕಪ್ಪು, ಬಟ್ಟೆ ಹರಿಯುವಂತೆ ಒತ್ತಿ ಒತ್ತಿ ಸುತ್ತಿದ್ದು. ಸುತ್ತಿನೊಳಗೆ ಸುತ್ತು, ಪಕ್ಕದಲ್ಲಿ ಇನ್ನೊಂದು ಸುತ್ತು, ಬಾಲದಂತೆ ಹೊರಬಿದ್ದ ಒಂದು ಗೀಚು. ಅದರ ಅಂಚಿಗಂಟಿಕೊಂಡು ಇನ್ನೊಂದು ಗೆರೆ. ಕೂದಲಿನಷ್ಟು ತೆಳ್ಳಗೆ, ಅಳಿಸಿಹೋಗುವಷ್ಟು ಹಗುರ, ಎಲ್ಲಿಯೂ ತಡೆಯದೆ ಹರಿದದ್ದು. ತೆಳ್ಳನೆಯ ಗೆರೆ ದಪ್ಪ ಸುತ್ತನ್ನು ಸುತ್ತುವರಿದು ಅದಕ್ಕೆ ಎದೆ ಕೊಟ್ಟಿತ್ತು, ಮೇಲಿನ ಸುತ್ತಿಗೆ ಕೊಕ್ಕು ಇಟ್ಟಿತ್ತು, ಹೊರಬಿದ್ದ ಗೀಚಿಗೆ ಗರಿಗರಿಯಾಗಿ ಬಾಲ ಹಚ್ಚಿತ್ತು.

ತಾಸ್ಮಿಯೇ ಮೊದಲು ಕಂಡುಹಿಡಿದಳು. “ಮೊಟ್ಟೆ” ಎಂದಳು.

“ಏನು?”

“ಮೊಟ್ಟೆ ಕಣೇ! ನಿನ್ನ ಮೊಟ್ಟೆ! ಗೋಡೆ ಮೇಲೆ, ಹೊಸ್ತಿಲ ಮೇಲೆ, ನಿಮ್ಮಪ್ಪನ ಪರದೆ ಮೇಲೆ ಬರೀತಿದ್ದೆಯಲ್ಲ!” ಮುದುಕಿಯ ಬೆರಳು ಪರದೆಯನ್ನು ಮುಟ್ಟಲು ಹೋಗಿ ಮುಟ್ಟದೆ ನಿಂತಿತು. “ಅಕ್ಕ ಮೇಣ ತರೋಕೆ ಹೋಗಿದ್ದಳು. ಮಗೂನ ನೋಡ್ಕೋ ಅಂತ ನನಗೆ ಹೇಳಿದ್ದಳು. ನನಗೂ ಆಗ ಎಷ್ಟು ಬುದ್ಧಿ, ಲಂಗ ಎತ್ತಿ ಕುಣಿಯೋ ವಯಸ್ಸು. ಮಧ್ಯಾಹ್ನದ ಸೆಕೆ, ಕಣ್ಣು ಹತ್ತಿಬಿಡ್ತು. ಎದ್ದಾಗ ನೀನು ಬಟ್ಟೆ ಪಕ್ಕ ಕೂತು ಸೀಸದಕಡ್ಡಿ ಚೀಪ್ತಿದ್ದೆ. ಬಟ್ಟೆ ನಾನು ನೋಡಲೇ ಇಲ್ಲ. ಅಕ್ಕ ಬಂದಳು, ನೋಡಿದಳು, ಸುಮ್ಮನೆ ಮೇಣದ ಒಲೆ ಹಚ್ಚಿದಳು.”

ಕೆನೆಬಣ್ಣದ ನೆಲ. ಅದರ ಮೇಲೆ ಸೀಸದ ಗೀಚು ಹಾಗೇ ಉಳಿದರೆ ಎಲ್ಲರಿಗೂ ಕಾಣುತ್ತದೆ, ಯಾರು ಬರೆದರೆಂದು ಎಲ್ಲರೂ ಕೇಳುತ್ತಾರೆ. ಮುಚ್ಚಬೇಕಾದರೆ ಬಣ್ಣ ಬೇಕು, ಬಣ್ಣಕ್ಕೊಂದು ಆಕಾರ ಬೇಕು. ಕಸ್ತಿನಾ ಮಗಳ ಗೀಚಿಗೆ ರೆಕ್ಕೆ ಹಚ್ಚಿ ನೀಲಿಯಲ್ಲಿ ಅದ್ದಿದಳು. ಕೇಳಿದವರಿಗೆ, ಕೈ ತಪ್ಪಿತು ಎಂದಳು. ಮಗುವಿನ ಹೆಸರಿಲ್ಲ, ನಿದ್ದೆಹೋದ ತಂಗಿಯ ಹೆಸರೂ ಇಲ್ಲ.

“ನನಗೂ ಹೇಳಲಿಲ್ಲವಲ್ಲೇ” ಎಂದಳು ತಾಸ್ಮಿ. “ಒಂದು ಮಾತು ಬೈಯಲೂ ಇಲ್ಲ. ನಾನು ಬಾಯಿಬಡುಕಿ, ಇಷ್ಟು ವರ್ಷ...” ಮೂಗು ಸೀಟಿ ಸೆರಗಿಗೆ ಒರೆಸಿಕೊಂಡಳು.

ವುರ್ಯಾನಿ ಆ ತೆಳ್ಳನೆಯ ಗೆರೆಯನ್ನೇ ನೋಡುತ್ತಿದ್ದಳು. ತನ್ನ ದಪ್ಪ ಗೆರೆಯ ಪಕ್ಕದಲ್ಲೇ ಅದು ಹೋಗಿತ್ತು, ನಡೆಯಲು ಕಲಿಯುವ ಕೂಸಿನ ಹಿಂದೆ ಕೈ ಚಾಚಿಕೊಂಡು ತಾಯಿ ಹೋಗುವಂತೆ. ಎಲ್ಲಿಯೂ ನಡುಗಿರಲಿಲ್ಲ. “ಎಂಥ ಕೈ, ಬುಲಿಕ್!” ಎಂದಳು ಮೆಲ್ಲಗೆ.

“ತಾಯಿಯ ಕೈ” ಎಂದಳು ತಾಸ್ಮಿ. ಈ ಸಲ ಆ ಮಾತಿನಲ್ಲಿ ಸೂಜಿಯಿರಲಿಲ್ಲ.

ಅದೇ ಬಿಸಿಲಿನಲ್ಲಿ ಹೆರ್ಲಂಬಾಂಗ್ ಬಂದ. ಅಂಗಳದಲ್ಲಿ ಬಾಟಿಕ್ಕು ಬಿಸಿಲಿಗೆ ಬಿದ್ದಿರುವುದು ಕಂಡು ಬಾಗಿಲಲ್ಲೇ ನಿಂತ. “ಇದೇನು, ಈ ಮನೇಲಿ ಪ್ರಳಯವಾ?”

“ಬಾರೋ ಬದನೇಕಾಯಿ” ಎಂದಳು ತಾಸ್ಮಿ. “ಬಂದು ನೋಡು, ನಮ್ಮಕ್ಕ ಏನು ಮಾಡಿದ್ದಾಳೆ ಅಂತ.”

ಅವನು ನೋಡಿದ. ತಾಸ್ಮಿ ಮೊಟ್ಟೆಯ ಕತೆಯನ್ನೆಲ್ಲ ಹೇಳಿದಳು. ಆಮೇಲೆ ಅವನ ಕಸುಬಿನ ಕಣ್ಣು ಎಚ್ಚರಗೊಂಡಿತು. “ಬು, ಇದರಲ್ಲಿ ಎದೆ ಮಾತ್ರ ಚೊಕ್ಕವಾಗಿ ಬಂದಿದೆ. ಬಾಲದ ತುದಿ ಹೊರಗುಳಿದಿದೆ, ಕೊಕ್ಕಿನ ಕಡೆ ಇನ್ನೂ ಮಂಜು. ಇಡೀ ಹಕ್ಕಿ ಸಿಗಬೇಕಾದರೆ ತುಂಡು ತುಂಡಾಗಿ ತೆಗೆದು ಕೂಡಿಸಬೇಕು. ಸೆಮಾರಂಗ್ ಪಟ್ಟಣದಲ್ಲಿ ನನ್ನ ಗೆಳೆಯನ ಹತ್ತಿರ ದೊಡ್ಡ ಯಂತ್ರ ಇದೆ. ಬಟ್ಟೆ ಕೊಡಿ, ಬೆಳಗಾಗೋದರೊಳಗೆ ಕೂದಲೆಳೆಯಷ್ಟೂ ಬಿಡದೆ ತೆಗೆದುಕೊಂಡು ಬರ್ತೀನಿ.”

ವುರ್ಯಾನಿ ಒಲ್ಲೆನೆಂದು ತಲೆಯಾಡಿಸಿದಳು.

“ಬೇಡವಾ? ಸರಿ. ಮೂರುಕಾಲಿನ ಸ್ಟ್ಯಾಂಡು ಗಾಡಿಯಲ್ಲೇ ಇದೆ, ತರಲಾ?”

ಅವಳು ಆಗಲೇ ಅಂಗಳಕ್ಕಿಳಿದು ಬಟ್ಟೆಯ ಮುಂದೆ ಮಂಡಿಯೂರಿದ್ದಳು. ದಾರ ಬೆರಳ ನಡುವೆ ಜಾರಿ ಕೆಂಪು ಗಂಟಿಗೆ ಬಂದು ನಿಂತಿತು. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿಕೊಂಡು ಹಕ್ಕಿಯ ಕೊಕ್ಕು ಹುಡುಕುತ್ತಿದ್ದಳು. ಹೆರ್ಲಂಬಾಂಗಿಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಬಂದು ಬಗ್ಗಿ ಕೈ ಚಾಚಿದ. “ದಾರದ ತುದಿಯನ್ನಾದರೂ ಕೊಡಿ ಬು, ನಾನು ಮುಟ್ಟಿಸಿ ಹಿಡ್ಕೋತೀನಿ. ನೀವು ಒತ್ತಿ ಸಾಕು.”

“ಬೇಡ ಕಣಪ್ಪ” ಎಂದಳು ವುರ್ಯಾನಿ, ಹಕ್ಕಿಯಿಂದ ಕಣ್ಣು ಕೀಳದೆ. “ಅವತ್ತು ನಮ್ಮವ್ವ ಈ ಹಕ್ಕೀನ ಯಾರ ಕೈಗೂ ಕೊಡದೆ ಒಬ್ಬಳೇ ಮಾಡಿದಳು. ಬಾಲ ಸಿಗೋದು ಹತ್ತು ದಿನ ಆದರೂ ಆಗಲಿ, ಈ ಗಂಟು ನಾನೇ ಮುಟ್ಟಿಸ್ತೀನಿ. ನೀನು ಒಳಗೆ ಹೋಗಿ ಬುಲಿಕ್‌ಗೆ ಒಂದು ಎಲೆ ಮಡಿಸಿಕೊಡು, ಬೆಳಗ್ಗೆಯಿಂದ ಖಾಲಿ ಬಾಯಿ ಅಗೀತಿದ್ದಾಳೆ.”